ಬಳ್ಳಾರಿ ಪಿನ್‌ಕೋಡ್ 583101: ಈ ಸಂಖ್ಯೆಯೊಳಗೆ ಏನಿದೆ?

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮದೊಂದು ಸಣ್ಣ ಜೀನ್ಸ್ ಹೊಲಿಗೆ ಘಟಕ ಇದೆ. ಮಗಳು ಹತ್ತನೇ ತರಗತಿ. ದಿನಾ ಕಣ್ಣಿಗೆ ಬೀಳುವ ಆರಂಕಿಯ ಸಂಖ್ಯೆಯೊಂದನ್ನು ಆರಿಸಿ ಅದರ ಗುಣಗಳನ್ನು ಬರೆದು ತನ್ನಿ ಅಂತ ಗಣಿತದ ಮೇಷ್ಟ್ರು ಹೇಳಿದ್ದಾರೆ. ಪಾರ್ಸೆಲ್ ಮೇಲೆ ನಾವು ಬರೆಯುವ 583101ನ್ನೇ ಅವಳು ಹಿಡಿದಿದ್ದಾಳೆ. ಬೆಸ ಸಂಖ್ಯೆ, ಅಂಕಿ ಕೂಡಿದರೆ 18, ಮತ್ತೆ ಕೂಡಿದರೆ 9. ಅಲ್ಲಿಗೆ ನಿಂತಿದ್ದೇವೆ. ಒಂಬತ್ತು ಬಂತಲ್ಲ, ಬಹಳ ಅದೃಷ್ಟದ ಸಂಖ್ಯೆ ಅಂತ ಪಕ್ಕದ ಅಂಗಡಿಯವರು ಹೇಳುತ್ತಾರೆ. ಇದು ಅವಿಭಾಜ್ಯ ಸಂಖ್ಯೆಯಾ? ಫೋನ್ ಮುಟ್ಟದೆ ಕಂಡುಹಿಡಿಯುವುದು ಹೇಗೆ? ಇದರಲ್ಲಿ ನಿಜಕ್ಕೂ ವಿಶೇಷ ಏನಾದರೂ ಇದೆಯಾ? ರಾಯಚೂರಿನ ಅಕ್ಕನ ಮಗ (584101), ಕೊಪ್ಪಳದ ತಮ್ಮನ ಮಗಳು (583231) ಇಬ್ಬರೂ ತಮ್ಮ ಊರಿನದ್ದೂ ಹೇಳಿ ಅಂತ ಕೂತಿದ್ದಾರೆ.

ಉತ್ತರ: ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. 583101 ಅವಿಭಾಜ್ಯ ಅಲ್ಲ. ಅದು 3 × 3 × 67 × 967. ಈ ನಾಲ್ಕೂ ಅವಿಭಾಜ್ಯಗಳು, ಇವನ್ನು ಇನ್ನು ಒಡೆಯಲಾಗದು. ರಾಯಚೂರಿನ 584101 ಅಂದರೆ 7 × 83443. ಕೊಪ್ಪಳದ 583231 ಅಂದರೆ 11 × 37 × 1433. ಮೂರೂ ಊರಿನ ಲೆಕ್ಕ ಮೇಲ್ನೋಟಕ್ಕೆ ಅಷ್ಟೇ. ಆದರೆ ಮಗಳ ಹಾಳೆ ತುಂಬುವುದು ಇಲ್ಲಿಂದ ಮುಂದೆ.

ಸಂಖ್ಯೆಯ ಗುಣ ಅಂತ ಜನ ಹೇಳುವುದರಲ್ಲಿ ಎರಡು ಜಾತಿ ಇದೆ. ಒಂದು, ನಾವು ಅದನ್ನು ಬರೆಯುವ ರೀತಿಯಿಂದ ಬರುವುದು: ಅಂಕಿಗಳ ಮೊತ್ತ, ತಿರುಗಿಸಿ ಬರೆದರೆ ಏನಾಗುತ್ತೆ, ಇಂಥವು. ಇನ್ನೊಂದು, ಹೇಗೇ ಬರೆದರೂ ಬದಲಾಗದೆ ಉಳಿಯುವುದು. ಜೀನ್ಸ್‌ನವರಿಗೆ ಹೇಳುವುದಾದರೆ, ಮೊದಲನೆಯದು ಸೊಂಟದ ಮೇಲಿನ ಲೇಬಲ್, ಎರಡನೆಯದು ಹೊಲಿಗೆ ಬಿಚ್ಚಿದಾಗ ಸಿಗುವ ಬಟ್ಟೆಯ ತುಂಡುಗಳು. ಹೊಲಿಗೆ ಬಿಚ್ಚೋಣ.

ಅದಕ್ಕೂ ಮುಂಚೆ ಒಂದು ಮಾತು. ಪಿನ್‌ಕೋಡ್ ಯಾವುದರ ಎಣಿಕೆಯೂ ಅಲ್ಲ, ಬರೀ ಗುರುತು. ಶ್ರೀರಾಮ ಭಿಕಾಜಿ ವೇಲಣಕರ್ ರೂಪಿಸಿದ ಈ ಪದ್ಧತಿ 1972ರ ಆಗಸ್ಟ್ 15ರಂದು ಜಾರಿಗೆ ಬಂತು. ಮೊದಲ ಅಂಕಿ ವಲಯ ಹೇಳುತ್ತೆ, ಮೊದಲ ಮೂರು ಸೇರಿ ಟಪಾಲು ವಿಂಗಡಿಸುವ ಜಿಲ್ಲೆ ಹೇಳುತ್ತವೆ, ಕೊನೆಯ ಮೂರು ಅಂಚೆ ಕಚೇರಿ ಹೇಳುತ್ತವೆ. ಈ ಅಂಚೆ ಜಿಲ್ಲೆ ಸರ್ಕಾರದ ಜಿಲ್ಲೆಯೇ ಆಗಿರಬೇಕಿಲ್ಲ. ಕೊಪ್ಪಳ 1997ರವರೆಗೆ ರಾಯಚೂರು ಜಿಲ್ಲೆಯ ಭಾಗ, ಆದರೆ ಅದರ ಪಿನ್ ಶುರುವಾಗುವುದು ಬಳ್ಳಾರಿಯ 583ರಿಂದಲೇ ಅಲ್ವಾ? ಹಾಗಾಗಿ ಕೆಳಗಿನ ಯಾವ ಗುಣವನ್ನೂ ಅಂಚೆಯವರು ಯೋಚಿಸಿ ಇಟ್ಟದ್ದಲ್ಲ. ಕೈಗೆ ಸಿಕ್ಕ ಯಾವ ಸಂಖ್ಯೆ ಹಿಡಿದರೂ ಇಷ್ಟು ಸರಕು ಒಳಗಿರುತ್ತೆ.

ಈಗ ನಿಮ್ಮ ಪಕ್ಕದ ಅಂಗಡಿಯವರ ಒಂಬತ್ತು. ಅಂಕಿ ಕೂಡುವುದು ಯಾಕೆ ಕೆಲಸ ಮಾಡುತ್ತೆ ಅಂದರೆ, 10, 100, 1000 ಯಾವುದನ್ನು 9ರಿಂದ ಭಾಗಿಸಿದರೂ ಶೇಷ 1. ಆದ್ದರಿಂದ 5 ಲಕ್ಷದ ಶೇಷವೂ 5ರ ಶೇಷವೂ ಒಂದೇ, 80 ಸಾವಿರದ ಶೇಷವೂ 8ರ ಶೇಷವೂ ಒಂದೇ. ಹೀಗೆ ಇಡೀ ಸಂಖ್ಯೆಯ ಶೇಷ ಅಂದರೆ ಅಂಕಿಗಳ ಮೊತ್ತದ ಶೇಷ. 18 ಬಂತು, 9ರಿಂದ ಭಾಗ ಹೋಗುತ್ತೆ, ಭಾಗಲಬ್ಧ 64789. ಇದು ಗಟ್ಟಿ ಗುಣ, ಹಾಳೆಯಲ್ಲಿ ಬರೆಯಿರಿ. ಆದರೆ ಅದೃಷ್ಟ? ಪ್ರತಿ ಒಂಬತ್ತು ಸಂಖ್ಯೆಗೊಂದು ಹೀಗೇ 9ಕ್ಕೆ ಇಳಿಯುತ್ತೆ. 583000ರಿಂದ 583999ರವರೆಗಿನ ಸಾವಿರದಲ್ಲೇ ಇಂಥವು 111 ಇವೆ. ಇನ್ನೂ ಒಂದು: ಮನುಷ್ಯನಿಗೆ ಎಂಟೇ ಬೆರಳು ಇದ್ದು, ಎಂಟರ ಲೆಕ್ಕದಲ್ಲಿ ಎಣಿಸುತ್ತಿದ್ದರೆ ಇದೇ ಸಂಖ್ಯೆಯನ್ನು 2162675 ಅಂತ ಬರೆಯುತ್ತಿದ್ದೆವು. ಅದರ ಅಂಕಿಗಳ ಮೊತ್ತ ನಮ್ಮ ಲೆಕ್ಕದಲ್ಲಿ 29. ಒಂಬತ್ತು ಕಾಣೆ! ಆದರೆ 9ರಿಂದ ಭಾಗ ಹೋಗುವುದು ಮಾತ್ರ ಆಗಲೂ ಹಾಗೇ ಇರುತ್ತಿತ್ತು. ಒಂಬತ್ತು ವಸ್ತುಗಳ ಗುಂಪು ಮಾಡಿದರೆ ಏನೂ ಉಳಿಯುವುದಿಲ್ಲ ಅನ್ನುವುದಕ್ಕೆ ಬೆರಳಿನ ಹಂಗಿಲ್ಲ.

ಮುಂದೆ 64789ನ್ನು ಒಡೆಯಬೇಕು. ಇಲ್ಲಿ ಆರಂಕಿಯ ಸಂಖ್ಯೆಗೆ ಬಹಳ ಚೆನ್ನಾಗಿ ಹೊಂದುವ ಒಂದು ಉಪಾಯ ಇದೆ. ಶಾಲೆಯಲ್ಲಿ ಅಷ್ಟಾಗಿ ಹೇಳಿಕೊಡುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಂಖ್ಯೆಯನ್ನು ಮಧ್ಯಕ್ಕೆ ಸೀಳಿ: 583 ಮತ್ತು 101. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಿರಿ, 482. ಈ 482 ಏಳರಿಂದ ಭಾಗ ಹೋದರೆ ಇಡೀ ಪಿನ್‌ಕೋಡ್ ಏಳರಿಂದ ಭಾಗ ಹೋಗುತ್ತೆ, ಇಲ್ಲದಿದ್ದರೆ ಇಲ್ಲ. 11ಕ್ಕೂ ಹಾಗೇ, 13ಕ್ಕೂ ಹಾಗೇ. ಒಂದೇ ಕಳೆಯುವಿಕೆಯಲ್ಲಿ ಮೂರು ಪರೀಕ್ಷೆ. ಕಾರಣ ಸರಳ: 583101 ಅಂದರೆ 583 × 1001, ಅದರಲ್ಲಿ 482 ಕಡಿಮೆ. ಮತ್ತೆ 1001 ಅಂದರೆ 7 × 11 × 13. ನಮ್ಮ 482 ಅಂದರೆ 2 × 241, ಅದರಲ್ಲಿ 7, 11, 13 ಯಾವುದೂ ಇಲ್ಲ. ಬಳ್ಳಾರಿಗೆ ಮೂರೂ ಬಾಗಿಲು ಮುಚ್ಚಿದವು.

ರಾಯಚೂರಿಗೆ ಮಾಡಿ ನೋಡಿ. 584 − 101 = 483, ಅಂದರೆ 7 × 69. ತಕ್ಷಣ ಏಳು ಸಿಕ್ಕಿತು. ಕೊಪ್ಪಳಕ್ಕೆ 583 − 231 = 352, ಅಂದರೆ 11 × 32. ಹನ್ನೊಂದು ಸಿಕ್ಕಿತು. ಇನ್ನೊಂದು ಗಮ್ಮತ್ತು: 583 ತಾನೇ 11 × 53. ಹಾಗಾಗಿ 583ರಿಂದ ಶುರುವಾಗುವ ಯಾವ ಪಿನ್‌ಕೋಡ್ ಆದರೂ ಸರಿ, 11ರ ಪರೀಕ್ಷೆಗೆ ಕೊನೆಯ ಮೂರು ಅಂಕಿ ನೋಡಿದರೆ ಸಾಕು. ಕೊಪ್ಪಳದ 231 ಅಂದರೆ 11 × 21, ಹೋಗುತ್ತೆ. ಹೊಸಪೇಟೆಯ 583201ರಲ್ಲಿ 201 ಹೋಗುವುದಿಲ್ಲ, ಹಾಗಾಗಿ ಇಡೀ ಸಂಖ್ಯೆಯೂ ಹೋಗುವುದಿಲ್ಲ.

ಅದೇ ಎರಡು ತುಂಡುಗಳನ್ನು ಕಳೆಯುವ ಬದಲು ಕೂಡಿದರೆ ಬೇರೆ ಬಾಗಿಲು ತೆರೆಯುತ್ತೆ. 583101 ಅಂದರೆ 583 × 999, ಅದರ ಮೇಲೆ 684. ಮತ್ತೆ 999 ಅಂದರೆ 27 × 37. ಆದ್ದರಿಂದ ಮೊತ್ತ 37ರಿಂದ ಹೋದರೆ ಸಂಖ್ಯೆಯೂ 37ರಿಂದ ಹೋಗುತ್ತೆ, 27ಕ್ಕೂ ಹಾಗೇ. ಕೊಪ್ಪಳ: 583 + 231 = 814, ಅಂದರೆ 37 × 22. ಸಿಕ್ಕಿತು. ಬಳ್ಳಾರಿ: 684, ಇದು 9ರಿಂದ ಹೋಗುತ್ತೆ, 27ರಿಂದ ಹೋಗುವುದಿಲ್ಲ, 37ರಿಂದಲೂ ಇಲ್ಲ. ಅಂದರೆ ನಮ್ಮ ಸಂಖ್ಯೆಯಲ್ಲಿ 3 ಇರುವುದು ಎರಡೇ ಸಲ ಅಂತಲೂ ಗೊತ್ತಾಯಿತು.

ಇನ್ನುಳಿದದ್ದಕ್ಕೆ ಭಾಗಾಕಾರವೇ ಗತಿ. 64789ರ ವರ್ಗಮೂಲ ಸುಮಾರು 254. ಅಷ್ಟರೊಳಗಿನ ಅವಿಭಾಜ್ಯಗಳನ್ನು ಮಾತ್ರ ನೋಡಿದರೆ ಸಾಕು, ಯಾಕೆಂದರೆ ಎರಡು ಅಪವರ್ತನಗಳೂ 254ಕ್ಕಿಂತ ದೊಡ್ಡವಾದರೆ ಗುಣಲಬ್ಧ ಸಂಖ್ಯೆಯನ್ನೇ ಮೀರುತ್ತೆ. 17ರಿಂದ ಶುರು ಮಾಡಿ. ಶೇಷ 2. 19ಕ್ಕೆ 18. 23ಕ್ಕೆ 21. 31ಕ್ಕೆ 30, ಒಂದೇ ಒಂದು ಕಡಿಮೆ ಬಿತ್ತು. ಮಗಳು ತಾನೇ ಮಾಡಿದ ಲೆಕ್ಕ ಸರಿಯೋ ಇಲ್ಲವೋ ನೋಡಲು ಹೇಳುತ್ತೇನೆ: 47ಕ್ಕೂ 53ಕ್ಕೂ ಒಂದೇ ಶೇಷ ಬರಬೇಕು, 23. 59ಕ್ಕೂ 61ಕ್ಕೂ ಒಂದೇ ಶೇಷ, 7. ಅದಾದ ಮೇಲೆ 67. ಶೇಷ ಸೊನ್ನೆ, ಭಾಗಲಬ್ಧ 967.

ಈ ಹಂತದಲ್ಲಿ ಮಕ್ಕಳು 967ನ್ನು ಮತ್ತೆ 2ರಿಂದ ಭಾಗಿಸಲು ಕೂರುತ್ತಾರೆ. ಬೇಡ. 967ರಲ್ಲಿ 67ಕ್ಕಿಂತ ಚಿಕ್ಕ ಅವಿಭಾಜ್ಯವೇನಾದರೂ ಇದ್ದಿದ್ದರೆ ಅದು 64789ರಲ್ಲಿಯೂ ಇರುತ್ತಿತ್ತು, ನಾವು ಆಗಲೇ ಹಿಡಿದಿರುತ್ತಿದ್ದೆವು. 67 ಅಥವಾ ಅದಕ್ಕಿಂತ ದೊಡ್ಡ ಎರಡು ಸಂಖ್ಯೆ ಗುಣಿಸಿದರೆ ಕನಿಷ್ಠ 4489 ಆಗುತ್ತೆ, 967 ಅಷ್ಟು ದೊಡ್ಡದಲ್ಲ. ಹಾಗಾಗಿ 967 ಅವಿಭಾಜ್ಯ. ಒಂದೂ ಹೊಸ ಭಾಗಾಕಾರವಿಲ್ಲದೆ ಸಾಧಿಸಿದ್ದಾಯಿತು. ಮೇಷ್ಟ್ರು ಕೇಳುವುದಾದರೆ ಇದನ್ನೇ ಕೇಳುತ್ತಾರೆ, ಕಲಿತಿರಲಿ.

ರಾಯಚೂರಿನ ಹುಡುಗನಿಗೆ ಇಷ್ಟು ಸುಲಭ ಇಲ್ಲ. 7 ಸಿಕ್ಕ ಖುಷಿಯಲ್ಲಿ ಹೊರಟರೆ 83443 ಅಡ್ಡ ನಿಲ್ಲುತ್ತೆ. ಅದರ ವರ್ಗಮೂಲ 289ಕ್ಕೆ ಸ್ವಲ್ಪ ಕಡಿಮೆ. 283ರವರೆಗೆ ಇರುವ 61 ಅವಿಭಾಜ್ಯಗಳಲ್ಲಿ ಒಂದೂ ಅದನ್ನು ಭಾಗಿಸುವುದಿಲ್ಲ. ಭಾಜಕ ಸಿಗದ ಸಂಖ್ಯೆಗೇ ದುಡಿಮೆ ಜಾಸ್ತಿ. 'ಇಲ್ಲ' ಅಂತ ಹೇಳಬೇಕಾದರೆ ಕೊನೆಯವರೆಗೂ ಹೋಗಿ ನೋಡಿರಬೇಕು.

ಬಳ್ಳಾರಿಗೆ ಇನ್ನೊಂದು ಅಡ್ಡದಾರಿ ಉಂಟು, ಫ್ರಾನ್ಸಿನ ಗಣಿತಜ್ಞ ಫರ್ಮಾ 17ನೇ ಶತಮಾನದಲ್ಲಿ ಬಳಸಿದ್ದು. ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯಲು ನೋಡುವುದು. 583101ರ ವರ್ಗಮೂಲ 763ಕ್ಕೆ ಸ್ವಲ್ಪ ಹೆಚ್ಚು. 764ರ ವರ್ಗದಲ್ಲಿ ನಮ್ಮ ಸಂಖ್ಯೆ ಕಳೆದರೆ 595, ಇದು ವರ್ಗ ಅಲ್ಲ. 765ಕ್ಕೆ 2124, ಇದೂ ಅಲ್ಲ. ಹೀಗೇ ಹೋಗುತ್ತಾ 785ಕ್ಕೆ ಬಂದಾಗ 33124 ಉಳಿಯುತ್ತೆ, ಅದು 182ರ ವರ್ಗ. ಅಂದರೆ 583101 = 785² − 182². ಎಂಟನೇ ತರಗತಿಯ ಸೂತ್ರ ಹಾಕಿ: (785 − 182) × (785 + 182) = 603 × 967. 603 ಅಂದರೆ 9 × 67. ಎರಡು ತುಂಡುಗಳು ಹತ್ತಿರ ಹತ್ತಿರ ಇದ್ದರೆ ಈ ದಾರಿ ಬೇಗ ಮುಟ್ಟಿಸುತ್ತೆ. 7 ಮತ್ತು 83443ರಂತೆ ದೂರ ದೂರ ಇದ್ದರೆ ನಲವತ್ತು ಸಾವಿರಕ್ಕೂ ಹೆಚ್ಚು ಹೆಜ್ಜೆ ಇಡಬೇಕು. ರಾಯಚೂರಿನವರು ಈ ದಾರಿಗೆ ಹೋಗದಿರುವುದೇ ವಾಸಿ.

ಅಪವರ್ತನ ಗೊತ್ತಾದ ಮೇಲೆ ಮಿಕ್ಕ ಗುಣಗಳಿಗೆ ದುಡಿಯಬೇಕಿಲ್ಲ, ಬೇಗ ಬೇಗ ಹೇಳಿಬಿಡುತ್ತೇನೆ. ಭಾಜಕಗಳು ಎಷ್ಟು? 3ನ್ನು ಸೊನ್ನೆ, ಒಂದು ಅಥವಾ ಎರಡು ಸಲ ತೆಗೆದುಕೊಳ್ಳಬಹುದು, 67ನ್ನು ತೆಗೆದುಕೊಳ್ಳಬಹುದು ಅಥವಾ ಬಿಡಬಹುದು, 967ನ್ನೂ ಹಾಗೇ. 3 × 2 × 2 = 12. ಅವು 1, 3, 9, 67, 201, 603, 967, 2901, 8703, 64789, 194367, 583101. ಎಲ್ಲ ಕೂಡಿದರೆ 855712. ಕೂಡುವುದೂ ಬೇಡ, 13 × 68 × 968 ಅಂತ ಗುಣಿಸಿದರೂ ಅದೇ ಬರುತ್ತೆ. ಯಾಕೆ ಅಂತ ಮಗಳು ಯೋಚಿಸಲಿ: 13 ಅಂದರೆ 1 + 3 + 9, 68 ಅಂದರೆ 1 + 67. ಸಂಖ್ಯೆಯನ್ನೇ ಬಿಟ್ಟು ಉಳಿದ ಭಾಜಕಗಳ ಮೊತ್ತ 272611, ಸಂಖ್ಯೆಯ ಅರ್ಧವನ್ನೂ ಮುಟ್ಟುವುದಿಲ್ಲ. 6 ಅಥವಾ 28ರ ಹಾಗೆ ಮೊತ್ತ ಸಂಖ್ಯೆಗೇ ಸರಿಸಮ ಬಂದರೆ ಅದು ಪರಿಪೂರ್ಣ ಸಂಖ್ಯೆ. ನಮ್ಮದು ಆ ಪಟ್ಟಿಗೆ ಬಹಳ ದೂರ. 583101ರ ಜೊತೆ 1 ಬಿಟ್ಟು ಬೇರೆ ಸಾಮಾನ್ಯ ಭಾಜಕವಿಲ್ಲದ ಸಂಖ್ಯೆಗಳು ಅದರೊಳಗೆ ಎಷ್ಟಿವೆ ಅಂದರೆ 6 × 66 × 966, ಅಂದರೆ 382536.

ಸಾಲಾಗಿ ಬರುವ ಸಂಖ್ಯೆಗಳ ಮೊತ್ತವಾಗಿಯೂ ಬರೆಯಬಹುದು. 291550 + 291551. ಮೂರು ಬೇಕಾದರೆ 194366, 194367, 194368. 67 ಸಂಖ್ಯೆಗಳ ಸಾಲು ಬೇಕಾದರೆ 8703ನ್ನು ಮಧ್ಯಕ್ಕಿಟ್ಟು 8670ರಿಂದ 8736ರವರೆಗೆ. 1ನ್ನು ಬಿಟ್ಟು ಒಂದೊಂದು ಬೆಸ ಭಾಜಕಕ್ಕೆ ಒಂದೊಂದು ಸಾಲು, ಒಟ್ಟು 11 ಬಗೆ. ಕೊಪ್ಪಳಕ್ಕೆ 7, ರಾಯಚೂರಿಗೆ ಬರೀ 3.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಈ ಮೂರೂ ಸಂಖ್ಯೆಗಳನ್ನು ವರ್ಗಗಳ ಮೊತ್ತವಾಗಿ ಬರೆಯಲು ಹೊರಟರೆ ಊರೂರಿನ ಸ್ವಭಾವ ಬೇರೆ ಅಂತ ಗೊತ್ತಾಗುತ್ತೆ.

ಎರಡು ವರ್ಗಗಳ ಮೊತ್ತ ಆಗುತ್ತಾ? ಸಮಸಂಖ್ಯೆಯ ವರ್ಗವನ್ನು 4ರಿಂದ ಭಾಗಿಸಿದರೆ ಶೇಷ 0, ಬೆಸಸಂಖ್ಯೆಯದ್ದಕ್ಕೆ 1. ಎರಡು ಕೂಡಿದರೆ 0, 1 ಅಥವಾ 2 ಬರಬಹುದು, 3 ಎಂದೂ ಬರದು. ಕೊಪ್ಪಳದ 583231ನ್ನು 4ರಿಂದ ಭಾಗಿಸಿದರೆ ಶೇಷ 3. ಅಲ್ಲಿಗೆ ಕೊಪ್ಪಳ ಹೊರಗೆ. ಬಳ್ಳಾರಿ, ರಾಯಚೂರು ಎರಡಕ್ಕೂ ಶೇಷ 1, ಈ ಬಾಗಿಲು ದಾಟುತ್ತವೆ. ಇಷ್ಟಕ್ಕೇ 'ಆಗುತ್ತೆ' ಅಂತ ಬರೆದುಬಿಡಬೇಡಿ! 4ರಿಂದ ಭಾಗಿಸಿದಾಗ ಶೇಷ 3 ಉಳಿಸುವ ಅವಿಭಾಜ್ಯಗಳಿಗೆ ಒಂದು ಹಠ ಇದೆ. ಅಂಥದ್ದೊಂದು ಎರಡು ವರ್ಗಗಳ ಮೊತ್ತವನ್ನು ಭಾಗಿಸಿದರೆ ಆ ಎರಡು ಸಂಖ್ಯೆಗಳನ್ನು ಬೇರೆಬೇರೆಯಾಗಿಯೂ ಭಾಗಿಸಲೇಬೇಕು. ಆಗ ಮೊತ್ತದಲ್ಲಿ ಅದು ಜೋಡಿಯಾಗಿಯೇ ಇರುತ್ತೆ. ಬಳ್ಳಾರಿಯಲ್ಲಿ 3 ಇಂಥದ್ದೇ, ಆದರೆ ಜೋಡಿಯಾಗಿದೆ, ತಕರಾರಿಲ್ಲ. 67 ಕೂಡ ಇಂಥದ್ದೇ, ಆದರೆ ಒಂಟಿ. 967ರದ್ದೂ ಅದೇ ಕಥೆ. ಹಾಗಾಗಿ 583101 ಎರಡು ವರ್ಗಗಳ ಮೊತ್ತ ಆಗಲು ಸಾಧ್ಯವೇ ಇಲ್ಲ. ರಾಯಚೂರಿನಲ್ಲಿ 7 ಒಂಟಿ, ಅಲ್ಲಿಯೂ ಇಲ್ಲ. ನೋಡಿ, 763ರವರೆಗಿನ ಎಲ್ಲ ವರ್ಗಗಳನ್ನೂ ಒಂದೊಂದಾಗಿ ಕಳೆದು ಪರೀಕ್ಷಿಸದೆ, ಬರೀ ಅಪವರ್ತನ ನೋಡಿ ಈ ಮಾತು ಹೇಳಿದೆವು.

ಮೂರು ವರ್ಗಗಳು? ಬಳ್ಳಾರಿ: 763² + 26² + 16². ಕೂಡಿ ನೋಡಿ, 582169 + 676 + 256. ರಾಯಚೂರು: 764² + 18² + 9², ಅಂದರೆ 583696 + 324 + 81. ಎರಡೂ ಸರಾಗ.

ಕೊಪ್ಪಳ? ಎಷ್ಟು ಹುಡುಕಿದರೂ ಸಿಗದು. ಯಾಕೆ ಅನ್ನುವುದನ್ನು ಹತ್ತನೇ ತರಗತಿಯವರು ಪೂರ್ತಿ ಸಾಧಿಸಬಹುದು. ಈ ಸಲ 4ರ ಬದಲು 8ರಿಂದ ಭಾಗಿಸಿ. ಬೆಸಸಂಖ್ಯೆಯ ವರ್ಗಕ್ಕೆ ಶೇಷ ಯಾವಾಗಲೂ 1. ಸಮಸಂಖ್ಯೆಯ ವರ್ಗಕ್ಕೆ 0 ಇಲ್ಲವೇ 4. ಈಗ 0, 1, 4 ಇವುಗಳಲ್ಲಿ ಯಾವ ಮೂರನ್ನಾದರೂ ಆರಿಸಿ ಕೂಡಿ, ಒಂದನ್ನೇ ಮತ್ತೆ ಮತ್ತೆ ತೆಗೆದುಕೊಂಡರೂ ಸರಿ. 1 + 1 + 1 ಅಂದರೆ 3. 4 + 1 + 1 ಅಂದರೆ 6. 4 + 4 + 1 ಅಂದರೆ 9, ಶೇಷ 1. ಏನೇ ಮಾಡಿದರೂ 7 ಬರುವುದಿಲ್ಲ. ಕೊಪ್ಪಳದ ಸಂಖ್ಯೆಗೆ 8ರಿಂದ ಶೇಷ ಎಷ್ಟು? ಕೊನೆಯ ಮೂರಂಕಿ ನೋಡಿದರೆ ಸಾಕು, ಸಾವಿರ 8ರಿಂದ ಹೋಗುತ್ತೆ. 231 = 8 × 28 + 7. ಸರಿಯಾಗಿ 7! ಆದ್ದರಿಂದ ಕೊಪ್ಪಳಕ್ಕೆ ಮೂರು ವರ್ಗ ಸಾಲದು, ನಾಲ್ಕು ಬೇಕೇ ಬೇಕು: 763² + 31² + 10² + 1². ನಾಲ್ಕು ಇದ್ದರೆ ಯಾವ ಪೂರ್ಣ ಸಂಖ್ಯೆಗೂ ಸಾಕು ಅಂತ ಗಣಿತಜ್ಞ ಲಗ್ರಾಂಜ್ 1770ರಲ್ಲಿ ಸಾಧಿಸಿದ. ಕೊಪ್ಪಳದ ಮಗುವಿಗೆ ಹೇಳಿ, ವಿಶೇಷ ಅಂತ ಹುಡುಕಿದರೆ ಮೂರರಲ್ಲಿ ಈ ವಿಷಯಕ್ಕೆ ಅವಳ ಸಂಖ್ಯೆಯೇ ಮೇಲು.

ಮೂರೂ ಮಕ್ಕಳು ಒಟ್ಟಿಗೆ ಕೂತಿದ್ದರೆ ಮಸಾಅ (ಮಹತ್ತಮ ಸಾಮಾನ್ಯ ಅಪವರ್ತನ, ಅಂದರೆ ಎಲ್ಲವನ್ನೂ ಭಾಗಿಸುವ ಅತಿ ದೊಡ್ಡ ಸಂಖ್ಯೆ) ಕಂಡುಹಿಡಿಯಲು ಹೇಳಿ. ಅಪವರ್ತನ ನೋಡಿದರೆ ಒಂದಕ್ಕೊಂದು ಸಾಮಾನ್ಯ ಏನೂ ಇಲ್ಲ, ಉತ್ತರ 1. ಆದರೆ ಅಪವರ್ತನ ಗೊತ್ತಿಲ್ಲದೆಯೂ ಹೇಳಬಹುದು. ಎರಡು ಸಂಖ್ಯೆಗಳನ್ನು ಭಾಗಿಸುವುದು ಅವುಗಳ ವ್ಯತ್ಯಾಸವನ್ನೂ ಭಾಗಿಸುತ್ತೆ. ರಾಯಚೂರಿಗೂ ಬಳ್ಳಾರಿಗೂ ವ್ಯತ್ಯಾಸ ಸರಿಯಾಗಿ 1000. ಅದರಲ್ಲಿ 2 ಮತ್ತು 5 ಬಿಟ್ಟು ಬೇರೆ ಅವಿಭಾಜ್ಯ ಇಲ್ಲ, 1ರಿಂದ ಮುಗಿಯುವ ಸಂಖ್ಯೆಯನ್ನು ಅವು ಭಾಗಿಸುವುದಿಲ್ಲ. ಮುಗಿಯಿತು. ಕೊಪ್ಪಳಕ್ಕೂ ಬಳ್ಳಾರಿಗೂ ವ್ಯತ್ಯಾಸ 130, ಅಂದರೆ 2 × 5 × 13. 13ರ ಬಾಗಿಲು ಆಗಲೇ ಮುಚ್ಚಿದೆ. ಎರಡು ಸಾವಿರ ವರ್ಷಕ್ಕೂ ಹಳೆಯ ಯೂಕ್ಲಿಡ್‌ನ ವಿಧಾನದ ಮೊದಲ ಹೆಜ್ಜೆ ಇದು.

ಅಂಕಿಗಳ ಆಟ ಬೇಡ ಅಂತ ನಾನು ಹೇಳುತ್ತಿಲ್ಲ, ಅದು ಬೇರೆ ಜಾತಿ ಅಂತ ಗೊತ್ತಿದ್ದರೆ ಆಯಿತು. 583101ನ್ನು ತಿರುಗಿಸಿ ಬರೆದರೆ 101385. ಎರಡೂ ಕೂಡಿದರೆ 684486, ಯಾವ ಕಡೆಯಿಂದ ಓದಿದರೂ ಒಂದೇ. ಅದನ್ನು 11ರಿಂದ ಭಾಗಿಸಿದರೆ 62226, ಅದೂ ಹಾಗೇ! ರಾಯಚೂರಿನದ್ದೂ ಒಂದೇ ಸಲಕ್ಕೆ 685586 ಆಗುತ್ತೆ. ಕೊಪ್ಪಳ ಸ್ವಲ್ಪ ಮೊಂಡು, ತಿರುಗಿಸಿ ಕೂಡುವುದನ್ನು ಮೂರು ಸಲ ಮಾಡಬೇಕು, ಆಗ 4644464. ತನ್ನ ಅಂಕಿಗಳ ಮೊತ್ತದಿಂದಲೇ ಭಾಗ ಹೋಗುವ ಸಂಖ್ಯೆಗೆ ಮಹಾರಾಷ್ಟ್ರದ ಶಾಲಾ ಮೇಷ್ಟ್ರು ಕಾಪ್ರೇಕರ್ 'ಹರ್ಷದ' ಅಂತ ಹೆಸರಿಟ್ಟರು. ನಮ್ಮ ಮೂರರಲ್ಲಿ ಒಂದಕ್ಕೂ ಆ ಭಾಗ್ಯ ಇಲ್ಲ. ಬಳ್ಳಾರಿಯ ಮೊತ್ತ 18, ಸಂಖ್ಯೆ ಬೆಸ, ಹೇಗೆ ಹೋದೀತು?

ಈ ಆಟಕ್ಕೆ ನಮ್ಮ ಸೀಮೆಯಲ್ಲೇ ಹಳೆಯ ಬೇರು ಇದೆ. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಗಣಿತಜ್ಞ ಮಹಾವೀರಾಚಾರ್ಯರು ತಮ್ಮ 'ಗಣಿತಸಾರಸಂಗ್ರಹ'ದಲ್ಲಿ ಕೊರಳ ಹಾರದ ಹಾಗೆ ಎರಡೂ ಕಡೆಯಿಂದ ಒಂದೇ ಆಗಿ ಕಾಣುವ ಗುಣಲಬ್ಧಗಳನ್ನು ಕೊಟ್ಟಿದ್ದಾರೆ. 12345679 × 9 = 111111111. 27994681 × 441 = 12345654321. ಎರಡನೆಯದನ್ನು ಬಿಚ್ಚಿ ನೋಡಿ. 441 ಅಂದರೆ 21ರ ವರ್ಗ, 27994681 ಅಂದರೆ 5291ರ ವರ್ಗ, 21 × 5291 = 111111. ಆ 111111 ಅಂದರೆ 3 × 7 × 11 × 13 × 37. ಬಳ್ಳಾರಿಯ 3, ರಾಯಚೂರಿನ 7, ಕೊಪ್ಪಳದ 11 ಮತ್ತು 37 ಎಲ್ಲವೂ ಅಲ್ಲಿ ಕೂತಿವೆ. ಕಾಕತಾಳೀಯವೇನಲ್ಲ, ಆರಂಕಿಯನ್ನು ಮಧ್ಯಕ್ಕೆ ಸೀಳುವ ನಮ್ಮ ಉಪಾಯ ಹಿಡಿಯುವುದು ಇವೇ ಅವಿಭಾಜ್ಯಗಳನ್ನು. ನೃಪತುಂಗನ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ರಾಯಚೂರಿನಿಂದ ಬಹಳ ದೂರವೇನಲ್ಲ.

ಫೋನ್ ಮುಟ್ಟದೆ ಅಂತ ನೀವು ಕೇಳಿದ್ದಿರಿ. ಆರಂಕಿಗೆ ಕಾಗದ ಪೆನ್ಸಿಲ್ ಸಾಕು. ಅಂಕಿಗಳು ಬೆಳೆದ ಹಾಗೆ ಲೆಕ್ಕ ಕೆಡುತ್ತೆ. 67ನ್ನು 967ರಿಂದ ಗುಣಿಸಲು ನಿಮಿಷ ಬೇಡ, 64789ನ್ನು ಕೊಟ್ಟು ಒಡೆಯಿರಿ ಅಂದರೆ ಎಷ್ಟು ಹೊತ್ತು ಹಿಡಿಯಿತು ನೋಡಿದಿರಲ್ಲ? ಆ ಅಂತರವೇ ಆರ್‌ಎಸ್‌ಎ ಅನ್ನುವ ಗುಪ್ತಲಿಪಿ ಪದ್ಧತಿಯ ಬಂಡವಾಳ. 250 ಅಂಕಿಗಳ ಆರ್‌ಎಸ್‌ಎ-250 ಅನ್ನುವ ಸಂಖ್ಯೆಯನ್ನು 2020ರ ಫೆಬ್ರವರಿಯಲ್ಲಿ ಒಡೆದಾಗ, ಒಂದೇ ಪ್ರೊಸೆಸರ್ ಕೋರ್ ಮಾಡುವುದಾದರೆ ಸುಮಾರು 2700 ವರ್ಷ ಹಿಡಿಯುವಷ್ಟು ಲೆಕ್ಕ ಬೇಕಾಯಿತು. ಸುಮ್ನೆ ಅವಿಭಾಜ್ಯ ಹೌದೋ ಅಲ್ಲವೋ ಅಂತ ಮಾತ್ರ ಹೇಳುವುದು ಇದಕ್ಕಿಂತ ಎಷ್ಟೋ ಹಗುರ. ಅದಕ್ಕೆ ಬೇಗ ಮುಗಿಯುವ, ಅನುಮಾನವಿಲ್ಲದ ವಿಧಾನವನ್ನು ಐಐಟಿ ಕಾನ್ಪುರದ ಮಣೀಂದ್ರ ಅಗರ್‌ವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ 2002ರಲ್ಲಿ ಕೊಟ್ಟರು. ಒಡೆಯುವುದಕ್ಕೆ ಅಂಥ ಬೇಗದ ದಾರಿ ಈಗಿನ ಮಾಮೂಲಿ ಕಂಪ್ಯೂಟರ್‌ಗಳಿಗೆ ಇನ್ನೂ ಸಿಕ್ಕಿಲ್ಲ.

ಹಾಳೆಯ ವಿಚಾರ. ಮಗಳು ಮೊದಲು ಅಪವರ್ತನ ಬರೆಯಲಿ, ಪಕ್ಕದಲ್ಲೇ 967 ಅವಿಭಾಜ್ಯ ಯಾಕೆ ಅನ್ನುವ ಎರಡು ಸಾಲು. ಆಮೇಲೆ 12 ಭಾಜಕಗಳು, ಅವುಗಳ ಮೊತ್ತ, 785² − 182², ಎರಡು ವರ್ಗಗಳ ಮೊತ್ತ ಆಗದ ಕಾರಣ, ಮೂರು ವರ್ಗಗಳ ಮೊತ್ತ. ತಿರುಗಿಸಿ ಕೂಡುವ ಆಟ ಕೊನೆಗಿರಲಿ, ಅದರ ಮೇಲೆ 'ಹತ್ತರ ಬರವಣಿಗೆಯಲ್ಲಿ ಮಾತ್ರ' ಅಂತ ಒಂದು ಸಾಲು ಸೇರಿಸಲಿ. ಒಂಬತ್ತರ ಅದೃಷ್ಟ ಬೇಡ. ರಾಯಚೂರಿನ ಹುಡುಗನ ಹಾಳೆಯಲ್ಲಿ ಭಾಜಕಗಳು ನಾಲ್ಕೇ ಇರುತ್ತವೆ, ಅದಕ್ಕೆ ಬೇಜಾರು ಬೇಡ ಅನ್ನಿ. ಆದರೆ 283ರವರೆಗಿನ ಶೇಷಗಳ ಪಟ್ಟಿಯನ್ನು ಅವನು ಹಾಳೆಗೆ ಲಗತ್ತಿಸಲೇಬೇಕು. ಅದಿಲ್ಲದೆ 83443 ಅವಿಭಾಜ್ಯ ಅಂತ ಬರೆದರೆ ನಾನಾದರೆ ಅಂಕ ಕೊಡುವುದಿಲ್ಲ.